ಗೇರಿಲ್ಲದ ಟ್ರ್ಯಾಕ್ಟರಿನ ಸೇವೆಯಲ್ಲಿ

ಯಂತ್ರಗಳ ವಿಷಯದಲ್ಲಿ ನನಗಿರುವುದು ಭಕ್ತಿಯೇ ಹೊರತು ಜ್ಞಾನವಲ್ಲ. ಮನೆಯಲ್ಲಿ ಮಿಕ್ಸರ್ ನಿಂತರೆ ಒಮ್ಮೆ ಪ್ಲಗ್ಗು ತೆಗೆದು ಹಾಕುತ್ತೇನೆ, ನೆತ್ತಿಯ ಮೇಲೊಂದು ಏಟು ಕೊಡುತ್ತೇನೆ, ಆಮೇಲೆ ‘ಇದನ್ನು ಕಂಪನಿಯವರೇ ನೋಡಬೇಕು’ ಎಂದು ಗಂಭೀರವಾಗಿ ಹೇಳಿ ಪೇಪರು ಹಿಡಿಯುತ್ತೇನೆ. ನಮ್ಮ ಸ್ಕೂಟರನ್ನು ದಿನಾ ಬೆಳಿಗ್ಗೆ ಎಡಕ್ಕೊಮ್ಮೆ ವಾಲಿಸಿಯೇ ಕಿಕ್ ಹೊಡೆಯುವುದು. ಯಾಕೆ ವಾಲಿಸಬೇಕೆಂದು ನನಗೆ ಗೊತ್ತಿಲ್ಲ. ಓಣಿಯವರೆಲ್ಲ ವಾಲಿಸುತ್ತಾರೆ, ನಾನೂ ವಾಲಿಸುತ್ತೇನೆ. ಇಂಥ ನನ್ನ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ನಾಗಪುರದಲ್ಲಿ ಒಂದು ಟ್ರ್ಯಾಕ್ಟರ್ ಸಿಕ್ಕಿ ಮೂರು ತಿಂಗಳು ಮೂಲೆ ಹಿಡಿಯಿತು. ಅದನ್ನು ನಿಲ್ಲಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಆಗ ಒಪ್ಪಿಕೊಳ್ಳಲು ಹೋದರೆ ಯಾರೂ ಬಿಡಲಿಲ್ಲ.

ನಾನು ಧಾರವಾಡದ ಕಡೆಯವನು. ಕೇಂದ್ರ ಸರಕಾರದ ಒಂದು ತೋಟಗಾರಿಕೆ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ವರ್ಗವಾಗಿ ನಾಗಪುರಕ್ಕೆ ಬಂದು, ಧರಮಪೇಠದಲ್ಲಿ ಮನೆ ಹಿಡಿದು ಹತ್ತು ವರ್ಷ ಕಳೆದಿದ್ದವು. ಕಚೇರಿ ಊರಾಚೆ, ಸುತ್ತಲೂ ಸಂತ್ರದ, ಅಂದರೆ ಕಿತ್ತಳೆಯ, ಗಿಡಗಳು. ಗಿಡಗಳ ಸಾಲಿನ ನಡುವೆ ಓಡಾಡಲೆಂದು ಎರಡು ವರ್ಷದ ಹಿಂದೆ ಮೇಲಿನವರು ಜಪಾನಿನಿಂದ ಒಂದು ಪುಟ್ಟ ಟ್ರ್ಯಾಕ್ಟರ್ ತರಿಸಿ ಕಳಿಸಿದ್ದರು. ಅದರ ಮುಂದೆ ನಿಂತರೆ ನನ್ನಂಥ ಕುಳ್ಳನಿಗೂ ತಾನು ಎತ್ತರದವನೆನ್ನಿಸುತ್ತಿತ್ತು. ಅದನ್ನು ಓಡಿಸುವವನು ವಾಮನರಾವ್. ವಿದರ್ಭದವನು, ನಲವತ್ತು ದಾಟಿದವನು, ಹತ್ತು ಮಾತು ಕೇಳಿದರೆ ಅರ್ಧ ಮಾತು ಆಡುವವನು. ಒಂಬತ್ತು ವರ್ಷದಿಂದ ಹಂಗಾಮಿ ಡ್ರೈವರ್. ಅವನನ್ನು ಕಾಯಂ ಮಾಡುವ ಫೈಲು ಒಂಬತ್ತು ವರ್ಷವೂ ನನ್ನ ಟೇಬಲಿನ ಮೇಲೇ ಹಾದು ಹೋಗಿ ಬಂದು ಮಾಡುತ್ತಿತ್ತು. ಆ ವರ್ಷ ಕೊನೆಗೂ ಮೇಲಿನಿಂದ ಕಾಗದ ಬಂದಿತ್ತು: ಸಂಕ್ರಾಂತಿ ಮುಗಿದ ಮೇಲೆ ತಪಾಸಣೆಯ ತಂಡ ಬರುತ್ತದೆ, ಟ್ರ್ಯಾಕ್ಟರ್ ಚಾಲನೆಯಲ್ಲಿದ್ದರೆ ಡ್ರೈವರ್ ಕಾಯಂ, ಇಲ್ಲದಿದ್ದರೆ ಹುದ್ದೆಯೇ ರದ್ದು. ಕಾಗದ ಓದಿ ಹೇಳಿದಾಗ ವಾಮನರಾವ್ ಮರಾಠಿಯಲ್ಲಿ ‘ಬರಂ’, ಸರಿ, ಅಂದ. ಅವನ ಮಟ್ಟಿಗೆ ಅದು ಭಾಷಣ.

ಈ ಟ್ರ್ಯಾಕ್ಟರಿನ ವಿಶೇಷವೆಂದರೆ ಅದಕ್ಕೆ ಗೇರಿಲ್ಲ. ಹೈಡ್ರೋಸ್ಟ್ಯಾಟಿಕ್ ಎಂಬ ಹೊಸ ಬಗೆ. ಎಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಒತ್ತಿದ ಎಣ್ಣೆ ಹೋಗಿ ಚಕ್ರಗಳನ್ನು ತಿರುಗಿಸುತ್ತದೆ. ಕಾಲ ಕೆಳಗೆ ಒಂದೇ ಪೆಡಲು. ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಒತ್ತಿದರೆ ಹಿಂದೆ. ಕ್ಲಚ್ಚು ಒತ್ತುವುದು, ಗೇರು ಹಾಕುವುದು, ಗರಗರ ಸದ್ದು, ಪಕ್ಕದವನ ಬೈಗುಳ, ಇದು ಯಾವುದೂ ಇಲ್ಲ. ಮೊದಲ ದಿನ ನೋಡಿದಾಗ ಇದು ಸರಕಾರಿ ಕಚೇರಿಗೆ ಹೇಳಿ ಮಾಡಿಸಿದ ಯಂತ್ರ ಅನ್ನಿಸಿತು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ನಮ್ಮ ಮನೆತನದ ಪದ್ಧತಿಯಲ್ಲಿ ಖಂಡೇನವಮಿಯ ದಿನ ಆಯುಧಕ್ಕೆ ಕೆಲಸ ಹೇಳಬಾರದು. ಅಂದು ನಮ್ಮಪ್ಪ ಪೆನ್ನು ಮುಟ್ಟುತ್ತಿರಲಿಲ್ಲ, ಅವ್ವ ಈಳಿಗೆ ಮುಟ್ಟುತ್ತಿರಲಿಲ್ಲ. ಹಿಂದಿನ ದಿನವೇ ಹೆಚ್ಚಿಟ್ಟು ಕಪ್ಪಾದ ಬದನೆಕಾಯಿಯ ಪಲ್ಯವನ್ನು ನಾವು ವರ್ಷಕ್ಕೊಮ್ಮೆ ಪ್ರಸಾದವೆಂದು ನುಂಗುತ್ತಿದ್ದೆವು. ಆ ವರ್ಷ ಕಚೇರಿಯ ಪೂಜೆ ಮೊದಲ ಸಲ ನನ್ನ ಯಜಮಾನಿಕೆಗೆ ಬಂದಿತ್ತಾದ್ದರಿಂದ ಟ್ರ್ಯಾಕ್ಟರಿಗೂ ಇದೇ ಕಾನೂನು ಹಾಕಿದೆ. ಎಂಜಿನ್ನು ಶುರು ಮಾಡಕೂಡದು, ಶೆಡ್ಡಿನಿಂದ ಬೇವಿನ ಮರದ ಕೆಳಗಿನವರೆಗೆ ಅದನ್ನು ಕೈಯಿಂದ ತಳ್ಳಿಕೊಂಡೇ ತರಬೇಕು. ವಾಮನರಾವ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಆರು ಜನ ತಳ್ಳಿದೆವು, ಅದು ಕೂದಲೆಳೆಯಷ್ಟೂ ಕದಲಲಿಲ್ಲ. ನಮ್ಮ ಕಚೇರಿಯ ನಿರ್ದೇಶಕರು ರೇಶ್ಮೆ ಜುಬ್ಬಾ ಹಾಕಿಕೊಂಡು ಬಂದು ತಾವೂ ಎಡಗಡೆಯ ಚಕ್ರಕ್ಕೆ ಕೈ ಹಚ್ಚಿದರು. ಉಹುಂ. ಆಗ ನಾನು ನನ್ನ ಜೀವನದಲ್ಲಿ ಮೊದಲ ಸಲ ಒಂದು ತಾಂತ್ರಿಕ ಕೆಲಸ ಮಾಡಿದೆ. ಟ್ರ್ಯಾಕ್ಟರಿನ ಜೊತೆ ಬಂದಿದ್ದ ಪುಸ್ತಕ ತೆಗೆದು ಓದಿದೆ. ಎಂಜಿನ್ನು ಬಂದಾಗಿರುವಾಗ ತಳ್ಳಬೇಕಾದರೆ ಹಿಂದಿನ ಚಕ್ರಗಳ ನಡುವೆ ಇರುವ ಕಪ್ಪು ಗುಂಡಿಯ ಸರಳನ್ನು ಹೊರಗೆಳೆಯಿರಿ ಎಂದಿತ್ತು. ಬಗ್ಗಿ, ಎರಡು ಬೆರಳಿನಿಂದ ಎಳೆದೆ. ಟಕ್ ಅಂತು. ಟ್ರ್ಯಾಕ್ಟರು ತೊಟ್ಟಿಲಿನ ಹಾಗೆ ಉರುಳಿಕೊಂಡು ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಿರ್ದೇಶಕರು ನನ್ನ ಬೆನ್ನು ತಟ್ಟಿ, ನಿಮ್ಮಲ್ಲಿ ಒಬ್ಬ ಎಂಜಿನಿಯರ್ ಅಡಗಿದ್ದಾನೆ ಅಂದರು. ಅಡಗಿದ್ದವನು ಅಡಗಿಯೇ ಇದ್ದಿದ್ದರೆ ಚೆನ್ನಾಗಿತ್ತು.

ಪೂಜೆ ಭರ್ಜರಿಯಾಗಿ ಆಯಿತು. ಕುಂಕುಮ ಹಚ್ಚಿ, ಬಾಳೆಗಿಡ ಕಟ್ಟಿ, ತೋಳಿನಷ್ಟು ದಪ್ಪನೆಯ ಝೇಂಡೂ ಹೂವಿನ ಮಾಲೆಯನ್ನು ನಾನೇ ಆ ಹೊರಬಂದ ಸರಳಿಗೆ ತೂಗಿಹಾಕಿದೆ. ಮಾಲೆ ಹಾಕಲೆಂದೇ ಮಾಡಿದ ಗೂಟದ ಹಾಗೆ ಅದು ಕೈಗೆ ಸಿಕ್ಕಿತ್ತು. ಸಂಜೆ ತಳ್ಳಿಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಿದೆವು. ಸರಳನ್ನು ಮತ್ತೆ ಒಳಗೆ ಒತ್ತಬೇಕೆಂದು ಪುಸ್ತಕದ ಮುಂದಿನ ಪುಟದಲ್ಲಿತ್ತು. ನಾನು ಪುಟ ತಿರುವಿರಲಿಲ್ಲ.

ಹಬ್ಬ ಮುಗಿಸಿ ಬಂದ ವಾಮನರಾವ್ ಎಂಜಿನ್ನು ಶುರು ಮಾಡಿ ಪೆಡಲು ಒತ್ತಿದ. ಎಂಜಿನ್ನು ಸುಖವಾಗಿ ಗುನುಗುತ್ತಿತ್ತು, ಟ್ರ್ಯಾಕ್ಟರು ನಿಂತೇ ಇತ್ತು. ಸರಳು ಹೊರಗಿದ್ದರೆ ಎಣ್ಣೆ ಚಕ್ರದ ತನಕ ಹೋಗದೆ ಒಳಗೊಳಗೇ ಸುತ್ತುತ್ತದಂತೆ, ನಮ್ಮಲ್ಲಿ ಫೈಲು ಟೇಬಲಿನಿಂದ ಟೇಬಲಿಗೆ ಸುತ್ತುವ ಹಾಗೆ. ಇದು ಈಗ ಗೊತ್ತು. ಆಗ ನನ್ನ ತಲೆಯಲ್ಲಿ ಆ ಸರಳಿಗೂ ಓಡಿಸುವುದಕ್ಕೂ ಸಂಬಂಧವೇ ಹೊಳೆಯಲಿಲ್ಲ. ಅದು ತಳ್ಳುವ ಸರಳು, ತಳ್ಳಿದ್ದು ಮುಗಿಯಿತು, ಅಷ್ಟೇ. ವಾಮನರಾವ್‌ಗಂತೂ ಅಂಥದ್ದೊಂದು ಇದೆಯೆಂದೇ ತಿಳಿದಿರಲಿಲ್ಲ. ಅವನ ಕೈಯಲ್ಲಿ ಟ್ರ್ಯಾಕ್ಟರು ಯಾವತ್ತೂ ತಳ್ಳಿಸಿಕೊಂಡಿರಲಿಲ್ಲ. ಮೇಲೆ ನನ್ನ ಮಾಲೆ ಬೇರೆ. ಪೂಜೆಯ ಮಾಲೆ ಒಣಗಿದ ಮೇಲೆ ಹರಿಯುವ ನೀರಿಗೆ ಬಿಡಬೇಕು. ಯಾರು ಬಿಡಬೇಕೆಂದು ಕಚೇರಿಯಲ್ಲಿ ಆದೇಶವಿರಲಿಲ್ಲ. ಹೀಗಾಗಿ ಅದು ಅಲ್ಲೇ ಒಣಗುತ್ತ ನೇತಾಡುತ್ತಿತ್ತು. ಹತ್ತಿರ ಹೋದವರೆಲ್ಲ ಅದಕ್ಕೊಂದು ಕೈ ಮುಗಿದು ಬೇರೆ ಕಡೆ ನೋಡುತ್ತಿದ್ದರು.

ಮೊದಲು ಬಂದವನು ಕಾಮಠಿ ರಸ್ತೆಯ ಬಬನ್ ಮಿಸ್ತ್ರಿ. ಮೂವತ್ತು ವರ್ಷ ಟ್ರ್ಯಾಕ್ಟರುಗಳ ಹೊಟ್ಟೆಯಲ್ಲೇ ಬದುಕಿದವನು. ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಹಚ್ಚಿ ಬಹಳ ಹೊತ್ತು ಆಲಿಸಿದ. ಕ್ಲಚ್ಚು ಹುಡುಕಿದ, ಸಿಗಲಿಲ್ಲ. ಗೇರಿನ ಕೋಲು ಹುಡುಕಿದ, ಅದೂ ಸಿಗಲಿಲ್ಲ. ಅಡಿಯಲ್ಲಿ ತೂರಿ ಹೊರಗೆ ಬಂದವನ ಮುಖ ಕೆಂಪಗಾಗಿತ್ತು. ಕೈ ಒರೆಸಿಕೊಳ್ಳುತ್ತ, ನಿರ್ದೇಶಕರ ಎದುರಿಗೇ ಹೇಳಿದ: “ಸಾಹಬ್, ಇಸ್‌ಮೇ ಗೇರ್ ಹೀ ನಹೀ ಹೈ. ಕಿಸೀನೇ ನಿಕಾಲ್ ಲಿಯಾ.”

ಗೇರಿಲ್ಲ, ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಹಬ್ಬದ ರಜೆಯಲ್ಲಿ ಸರಕಾರಿ ಗೇರು ಕಳುವಾಗಿದೆ. ನಿರ್ದೇಶಕರು ಬಿಳಿಚಿಕೊಂಡರು. ಇದಕ್ಕೆ ಗೇರು ಹುಟ್ಟಿನಿಂದಲೇ ಇಲ್ಲ ಎಂದು ನಾನು ಹೇಳಿದೆ. ಬಬನ್ ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಳುವಿನಲ್ಲಿ ನನ್ನ ಪಾಲೆಷ್ಟು ಎಂದು ಅಳೆಯುವ ಹಾಗಿತ್ತು ಆ ನೋಟ. ಗೇರು ಯಾವಾಗಿನಿಂದ ಇಲ್ಲ, ಕೊನೆಯದಾಗಿ ಅದನ್ನು ನೋಡಿದವರು ಯಾರು ಎಂದು ಕಾವಲುಗಾರನಿಂದ ಹಿಡಿದು ಎಲ್ಲರಿಂದ ಲಿಖಿತ ಹೇಳಿಕೆ ಪಡೆಯಲಾಯಿತು. ಯಾರೂ ಯಾವತ್ತೂ ನೋಡಿಲ್ಲ ಎಂದೇ ಎಲ್ಲರೂ ಬರೆದರು, ಅದು ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಕಡೆಗೆ ಸ್ಟಾಕ್ ರಿಜಿಸ್ಟರು ತೆಗೆದು, ಗೇರು ಎಂಬ ವಸ್ತು ಬಂದ ದಾಖಲೆಯೇ ಇಲ್ಲವೆಂದು ತೋರಿಸಿದ ಮೇಲೆ, ಬಾರದೆ ಇದ್ದದ್ದು ಹೋಗಿರಲಾರದು ಎಂಬ ತೀರ್ಮಾನಕ್ಕೆ ಬಂದೆವು. ಈ ತೀರ್ಮಾನಕ್ಕೆ ಹದಿನೆಂಟು ದಿನ ಹಿಡಿದವು. ವಾಮನರಾವ್ ದಿನಾ ಬಂದು ನನ್ನ ಬಾಗಿಲ ಹತ್ತಿರ ನಿಂತು, ಏನೂ ಕೇಳದೆ ಹೋಗುತ್ತಿದ್ದ. ಅವನು ಕೇಳಿದ್ದರೆ ಉತ್ತರ ಕೊಟ್ಟು ಹಗುರಾಗುತ್ತಿದ್ದೆ.

ಆಮೇಲೆ ಪುಸ್ತಕದ ಕೊನೆಯಲ್ಲಿ ಒಂದು ಕೋಷ್ಟಕ ಸಿಕ್ಕಿತು. ತೊಂದರೆ, ಕಾರಣ, ಪರಿಹಾರ ಎಂದು ಮೂರು ಕಾಲಮ್ಮು. ‘ಟ್ರ್ಯಾಕ್ಟರ್ ಚಲಿಸುವುದಿಲ್ಲ’ ಎಂಬ ತೊಂದರೆಗೆ ಒಂಬತ್ತು ಕಾರಣ. ಬೇರೆ ಯಾರಾದರೂ ಮೊದಲ ಸಾಲಿನಿಂದ ಶುರು ಮಾಡುತ್ತಿದ್ದರು. ಆದರೆ ನಾವು ಫೈಲಿನ ಜನ. ಫೈಲಿನಲ್ಲಿ ಹೊಸ ಟಿಪ್ಪಣಿ ಯಾವಾಗಲೂ ಕೊನೆಗೆ ಇರುತ್ತದೆ; ಮೊದಲ ಪುಟದಿಂದ ಓದಲು ಕೂತವನು ವಿಷಯಕ್ಕೆ ಬರುವಷ್ಟರಲ್ಲಿ ನಿವೃತ್ತನಾಗುತ್ತಾನೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕಣ್ಣು ತಾನಾಗಿಯೇ ಕೆಳಗಿನ ಸಾಲಿಗೆ ಹೋಯಿತು: ಪಂಪು ಸವೆದಿದೆ, ಕಂಪನಿಯನ್ನು ಸಂಪರ್ಕಿಸಿ. ಇದು ಘನತೆಯಿರುವ ಕಾರಣ. ನಿರ್ದೇಶಕರಿಗೂ ಒಪ್ಪಿಗೆಯಾಯಿತು. ನಾನು, ಅವರು, ಬಬನ್ ಮಿಸ್ತ್ರಿ, ಮೂವರ ಕಮಿಟಿಯಾಯಿತು. ಒಂದೊಂದು ಸಾಲನ್ನೂ ಕಮಿಟಿ ಪರೀಕ್ಷಿಸಿ, ಸಹಿ ಮಾಡಿ, ಆಮೇಲೆಯೇ ಮೇಲಿನ ಸಾಲಿಗೆ ಹತ್ತಬೇಕು ಎಂದು ಆದೇಶ ಹೊರಟಿತು.

ಕಂಪನಿಗೆ ಬರೆದ ಕಾಗದಕ್ಕೆ ಮೂರು ವಾರದ ಮೇಲೆ ಉತ್ತರ ಬಂತು: ದಯವಿಟ್ಟು ಮೊದಲು ಉಳಿದ ಕಾರಣಗಳನ್ನು ನೋಡಿ. ಸರಿ, ಎಂಟನೆಯ ಸಾಲು. ಪೆಡಲಿನ ಸಲಾಕೆ ಬಾಗಿದೆಯೇ ನೋಡಿ. ಬಾಗಿರಲಿಲ್ಲ. ಬಬನ್ ಮಿಸ್ತ್ರಿ ಬಂದ ತಪ್ಪಿಗೆ ಒಮ್ಮೆ ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಿದ. ಹೀಗೆ ಹತ್ತುತ್ತ ಹತ್ತುತ್ತ ಎಣ್ಣೆ ಸರಿಯಾದ ಜಾತಿಯದೇ ಎಂಬಲ್ಲಿಗೆ ಬಂದೆವು. ಪರೀಕ್ಷೆಗೆ ಸಾಧನವಿಲ್ಲ, ಕಮಿಟಿಯ ಮೂವರೂ ಸ್ಟೀಲ್ ಲೋಟದಲ್ಲಿ ಎಣ್ಣೆ ಹಿಡಿದು ಮೂಸಿ ಸಹಿ ಮಾಡಿದೆವು. ಎಣ್ಣೆಯಲ್ಲಿ ಗಾಳಿ ಸೇರಿದೆಯೇ ಎನ್ನುವ ಸಾಲು ಬಂದಾಗಂತೂ ನೋಡುವ ಹಾಗಿತ್ತು. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಎಂಜಿನ್ನು ಹಚ್ಚಿ, ಪೆಡಲನ್ನು ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಒತ್ತುತ್ತಿದ್ದರೆ ಗಾಳಿ ಹೋಗುತ್ತದೆ ಎಂದಿತ್ತು. ಇಟ್ಟಿಗೆಯ ಮೇಲೆ ಏರಿಸಿದ ಟ್ರ್ಯಾಕ್ಟರಿನಲ್ಲಿ ವಾಮನರಾವ್ ಸ್ಟಿಯರಿಂಗ್ ಹಿಡಿದು ಕೂತ. ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಒಂದು ಗಂಟೆಯ ಮೇಲೆ ನಿರ್ದೇಶಕರು ಊಟ ಮುಗಿಸಿ ಬಂದು ‘ಎಲ್ಲಿಗೆ ಬಂತು’ ಅಂತ ವಿಚಾರಿಸಿದರು. ವಾಮನರಾವ್ ಎದುರಿನ ಗೋಡೆ ನೋಡಿದ.

ಅಷ್ಟರಲ್ಲಿ ಎಳ್ಳು ಬೆಲ್ಲದ ದಿನ ಹತ್ತಿರ ಬಂದಿತ್ತು. ಎರಡು ಸಾಲು ಬಾಕಿ. ಎರಡನೆಯದು ಬ್ರೇಕು, ಅದೂ ಸರಿ ಇತ್ತು. ಅವತ್ತು ಮೊದಲ ಸಲ ವಾಮನರಾವ್ ತಾನಾಗಿ ಮಾತಾಡಿದ. ಮಗಳಿಗೆ ಸೋಯರಿಕೆ ನೋಡುತ್ತಿದ್ದಾರಂತೆ, ಗಂಡಿನವರು ಅಪ್ಪ ಕಾಯಂ ಏನು ಎಂದು ಕೇಳಿದ್ದಾರಂತೆ, ಸಂಕ್ರಾಂತಿ ಆದಮೇಲೆ ಹೇಳುತ್ತೇನೆ ಅಂದಿದ್ದಾನಂತೆ. ಹೇಳಿ ಹೊರಟುಹೋದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮನೆಯಲ್ಲಿ ತರ್ರಿ ಪೋಹೆ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ತಿನ್ನುತ್ತ, ಉಳಿದ ಕೊನೆಯ ಸಾಲನ್ನು, ಅಂದರೆ ಪುಸ್ತಕದ ಮೊದಲನೆಯ ಸಾಲನ್ನು, ಕಮಿಟಿಯ ನೋಟೀಸಿಗೆ ನಕಲು ಮಾಡಿಕೊಳ್ಳುತ್ತಿದ್ದೆ. ‘ಹಿಂದಿನ ಚಕ್ರಗಳ ನಡುವಿನ ಕಪ್ಪು ಗುಂಡಿಯ ಸರಳು ಹೊರಗಿದೆಯೇ ನೋಡಿ. ಒಳಗೆ ಒತ್ತಿರಿ.’

ಚಮಚ ಕೈಯಲ್ಲೇ ನಿಂತಿತು. ಟಕ್ ಎಂಬ ಸದ್ದು, ಚಪ್ಪಾಳೆ, ಝೇಂಡೂ ಮಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮೈಯೆಲ್ಲ ಬೆವರಿತು, ಅದೂ ನಾಗಪುರದ ಜನವರಿಯಲ್ಲಿ. ನನ್ನ ಹೆಂಡತಿ ತರ್ರಿ ಖಾರ ಆಯಿತೇನೋ ಎಂದು ನೀರು ತಂದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಗದಗಿನ ಕಡೆಯವಳು, ಮಾತನ್ನು ಸುತ್ತಿ ಬಳಸಿ ಆಡುವ ಅಭ್ಯಾಸವಿಲ್ಲ. “ಮೂರು ತಿಂಗಳಾತು, ಆ ಮನಷ್ಯಾನ ಜೀವಾ ತಿಂದ್ರಲ್ಲರೀ,” ಅಂದಳು. “ಏಳ್ರಿ, ಮದಲ ಹೋಗಿ ಅದನ್ನ ಒತ್ತಿ ಬರ್ರಿ.”

ಕಚೇರಿ ತೆರೆಯುವ ಮೊದಲೇ ಹೋದೆ. ವಾಮನರಾವ್ ಯಥಾಪ್ರಕಾರ ಬಂದು ಟ್ರ್ಯಾಕ್ಟರು ಒರೆಸುತ್ತಿದ್ದ. ಓಡದಿದ್ದರೂ ಅದನ್ನು ಒಂದು ದಿನವೂ ಒರೆಸದೆ ಬಿಟ್ಟಿರಲಿಲ್ಲ. ಅವನ ಎದುರಿಗೇ ಮೊಣಕಾಲೂರಿ, ನಾರಾಗಿ ಹೋಗಿದ್ದ ಮಾಲೆ ಎತ್ತಿ, ಸರಳು ಒತ್ತಿದೆ. ಟಕ್. ಶುರು ಮಾಡು ಅಂದೆ. ಮೂರು ತಿಂಗಳಿಂದ ಏನೂ ಆಗದ ಪೆಡಲನ್ನು ಒತ್ತಿ ಒತ್ತಿ ಅವನ ಕಾಲು ಮೊಂಡು ಬಿದ್ದಿತ್ತು. ಪೂರ್ತಿ ಒತ್ತಿದ. ಟ್ರ್ಯಾಕ್ಟರು ಶೆಡ್ಡಿನಿಂದ ಹಾರಿ ಹೊರಬಿದ್ದು, ನಿರ್ದೇಶಕರ ಹನ್ನೊಂದು ಸೇವಂತಿಗೆ ಕುಂಡಗಳನ್ನು ದಾಟಿ, ಬೇವಿನ ಮರದ ಬುಡದಲ್ಲಿ ನಿಂತಿತು. ವಾಮನರಾವ್ ಇಳಿಯಲಿಲ್ಲ. ಸ್ಟಿಯರಿಂಗಿನ ಮೇಲೆ ತಲೆಯಿಟ್ಟುಬಿಟ್ಟ. ನನಗೂ ಕಣ್ಣು ತುಂಬಿ ಬಂತು, ಖುಷಿಯೋ ನಾಚಿಕೆಯೋ ತಿಳಿಯಲಿಲ್ಲ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅವತ್ತು ನನಗೆ ಸತ್ಯದ ಹುಚ್ಚು ಹಿಡಿದಿತ್ತು. ಖಂಡೇನವಮಿಯಂದು ಕೆಳಗೆ ಸಹಿ ಮಾಡಿದವನೇ ಸರಳನ್ನು ಎಳೆದು ಒತ್ತದೆ ಬಿಟ್ಟದ್ದರಿಂದ ಹೀಗಾಯಿತು, ಡ್ರೈವರನ ತಪ್ಪು ಎಳ್ಳಷ್ಟೂ ಇಲ್ಲ ಎಂದು ಟಿಪ್ಪಣಿ ಬರೆದು ನಿರ್ದೇಶಕರ ಮುಂದಿಟ್ಟೆ. ಅವರು ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಈ ಟ್ರ್ಯಾಕ್ಟರಿನ ಕಾಯಿಲೆ ಗಂಭೀರವಾದದ್ದೆಂದು ನಿರ್ದೇಶಕನಾದ ನಾನೇ ಎಂಟು ಸಲ ಸಹಿ ಮಾಡಿದ್ದೇನೆ, ಎಣ್ಣೆ ಮೂಸಿದ್ದೇನೆ, ಗೇರಿನ ಕಳುವಿನ ವಿಚಾರಣೆ ನಡೆಸಿದ್ದೇನೆ, ಈಗ ಎರಡು ಬೆರಳಿನ ಕೆಲಸ ಅಂದರೆ ತಪಾಸಣೆಯವರು ನಮ್ಮನ್ನೆಲ್ಲ ಏನೆಂದುಕೊಳ್ಳುತ್ತಾರೆ ಎಂದು ಕೇಳಿದರು. ಏನು ಬೇಕಾದರೂ ಅಂದುಕೊಳ್ಳಲಿ, ತಪ್ಪು ನನ್ನದು ಅಂದೆ. ಅವರು ಟಿಪ್ಪಣಿಯನ್ನು ನನ್ನ ಕಡೆ ತಳ್ಳಿ ತಣ್ಣಗೆ ಒಂದೇ ಮಾತು ಹೇಳಿದರು. ಎರಡು ವರ್ಷ ಓಡಿಸಿದ ಯಂತ್ರದಲ್ಲಿ ಒಂದು ಸರಳಿದೆಯೆಂದು ಗೊತ್ತಿಲ್ಲದ ಡ್ರೈವರನನ್ನು ಕಾಯಂ ಮಾಡಿ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ನನ್ನ ಸತ್ಯ ಅಲ್ಲಿಗೇ ಬಾಯಿ ಮುಚ್ಚಿಕೊಂಡಿತು. ಟಿಪ್ಪಣಿ ಹರಿದು ಹೊಸದು ಬರೆದೆ. ಬರೆಯುತ್ತ ಬರೆಯುತ್ತ ಕೈ ಕುದುರಿತು. ಕಂಪನಿಯವರಿಗೂ ಬಗೆಹರಿಯದ ಹೈಡ್ರೋಸ್ಟ್ಯಾಟಿಕ್ ದೋಷವನ್ನು ಶ್ರೀ ವಾಮನರಾವ್ ಅವರು ತಮ್ಮ ದೀರ್ಘ ಅನುಭವ, ಅಪಾರ ತಾಳ್ಮೆ ಮತ್ತು ಸ್ವಂತ ಪ್ರತಿಭೆಯಿಂದ ಹಂತಹಂತವಾಗಿ ಪತ್ತೆಹಚ್ಚಿ ನಿವಾರಿಸಿದ್ದಾರೆ. ತಾಳ್ಮೆ ಎಂಬ ಒಂದು ಶಬ್ದ ಮಾತ್ರ ಅದರಲ್ಲಿ ನಿಜ. ತಪಾಸಣೆಯವರು ಬಂದರು, ಟ್ರ್ಯಾಕ್ಟರು ಸಾಲುಗಳ ನಡುವೆ ಮೊಲದ ಹಾಗೆ ಓಡಿತು, ವಾಮನರಾವ್ ಕಾಯಂ ಆದ. ನನ್ನ ಮನೆಗೆ ಬಂದು ಸಂತ್ರಾ ಬರ್ಫಿಯ ಡಬ್ಬಿ ಇಟ್ಟು, ಮಗಳ ಮಾತು ನಿಕ್ಕಿಯಾಯಿತು ಎಂದು ನನ್ನ ಹೆಂಡತಿಗೆ ಹೇಳಿದ. ಡಬ್ಬಿಯನ್ನು ನನ್ನ ಕಡೆ ಸರಿಸಿದ. ನಾಚಿಕೆ ಬಿಟ್ಟು ನಾಲ್ಕು ತಿಂದೆ.

ಸರಕಾರದಲ್ಲಿ ಒಳ್ಳೆಯ ಟಿಪ್ಪಣಿಗೆ ರೆಕ್ಕೆ ಬರುತ್ತದೆ. ನನ್ನದು ಹಾರಿ ಹಾರಿ ಎಲ್ಲೆಲ್ಲಿಗೋ ಹೋಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ ವಾಮನರಾವ್ ಒಂದು ಕಾಗದ ಹಿಡಿದುಕೊಂಡು ಧರಮಪೇಠದ ನಮ್ಮ ಮನೆಗೆ ಬಂದ. ಕನ್ಹಾನ್ ಕಡೆ ಇನ್ನೊಂದು ಸರಕಾರಿ ತೋಟದಲ್ಲಿ ಇಂಥದ್ದೇ ಟ್ರ್ಯಾಕ್ಟರ್ ಇದೆಯಂತೆ, ಅರ್ಧ ಗಂಟೆ ಓಡಿ ಬಿಸಿಯಾದರೆ ಸೋತು ನಿಲ್ಲುತ್ತದಂತೆ, ‘ನಿಮ್ಮಲ್ಲಿರುವ ಹೈಡ್ರೋಸ್ಟ್ಯಾಟಿಕ್ ತಜ್ಞ’ರನ್ನು ಕಳಿಸಿಕೊಡಬೇಕಂತೆ. ತಜ್ಞ ನನ್ನ ಎದುರು ಬೆವರುತ್ತ ನಿಂತಿದ್ದ. ಕಾಗದದ ಜೊತೆ ನನ್ನ ಟಿಪ್ಪಣಿಯ ನಕಲೂ ಇತ್ತು, ಅದರ ಮೇಲೆ ಬೆರಳಿಟ್ಟು ಅಂದ: “ಸಾಹೇಬ, ಲಿಹಿಲಂ ತುಮ್ಹೀ. ಆತಾ ಚಲಾ.”

ಬರೆದವನು ನಾನು, ಹಾಗಾಗಿ ಹೊರಡಬೇಕಾದವನೂ ನಾನೇ. ಭಾನುವಾರ ಅವನ ಸ್ಕೂಟರಿನ ಹಿಂದೆ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಹಳೆಯ ಪ್ಯಾಂಟಿನಲ್ಲಿ ಕನ್ಹಾನಿಗೆ ಹೋದೆ. ಈ ಸಲ ಕೋಷ್ಟಕವನ್ನು ಮೇಲಿನಿಂದ ಓದಿದೆ. ಬಿಸಿಯಾಗಿ ಸೋಲುವುದಕ್ಕೆ ಮೊದಲ ಕಾರಣ: ಎಣ್ಣೆ ತಂಪಾಗುವ ಜಾಗದಲ್ಲಿ ಹುಲ್ಲು ಸಿಕ್ಕಿಕೊಂಡಿದೆಯೇ ನೋಡಿ. ನೋಡಬೇಕೆಂದರೆ ಅಡಿಯಲ್ಲಿ ತೂರಬೇಕು. ತಜ್ಞನಾದವನು ಬಂದ ಕೂಡಲೇ ಅಡಿಯಲ್ಲಿ ತೂರಿದರೆ ಮರ್ಯಾದೆಯಿರುವುದಿಲ್ಲ, ಸಪೂರ ಬೇರೆ ನಾನೇ ಇದ್ದೇನೆ. ತೂರಿದೆ. ಅಲ್ಯುಮಿನಿಯಮ್ಮಿನ ತೆಳು ಪದರಗಳ ಸಂದಿಯಲ್ಲೆಲ್ಲ ಒಣಹುಲ್ಲು ಎಣ್ಣೆಯ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಮನೆಯಿಂದ ತಂದಿದ್ದ ನನ್ನ ಹೆಂಡತಿಯ ಸ್ವೆಟರ್ ಹೆಣೆಯುವ ಕಡ್ಡಿಯಿಂದ ಅದನ್ನು ಮೀಟಿ ಮೀಟಿ ತೆಗೆಯಲು ಹತ್ತಿದೆ. ಕಣ್ಣಿಗೆ, ಮೂಗಿಗೆ, ಬಾಯಿಗೆ ಹುಲ್ಲು. ವಾಮನರಾವ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ, ಮೇಲಿನ ಸಾಲು ಮೇಲಿನ ಸಾಲು ಎಂದು ಆಗಾಗ ಹೇಳುತ್ತಿದ್ದ. ಅವನು ಇಷ್ಟು ಮಾತಾಡುವವನೆಂದು ನನಗೆ ಗೊತ್ತೇ ಇರಲಿಲ್ಲ.

ಆ ತೋಟದ ಸಾಹೇಬರು ಬಂದು, ಟ್ರ್ಯಾಕ್ಟರಿನ ಅಡಿಯಿಂದ ಹೊರಗೆ ಚಾಚಿದ್ದ ನನ್ನ ಎರಡು ಕಾಲು ನೋಡಿ, ಇವರು ಯಾರು ಎಂದು ಕೇಳಿದರು. ವಾಮನರಾವ್ ಚಹಾದ ಲೋಟ ಕೆಳಗಿಟ್ಟು, ನನ್ನ ಹೆಲ್ಪರ್, ಇನ್ನೂ ಕಾಯಂ ಆಗಿಲ್ಲ ಅಂದ. ಸಾಹೇಬರು ಬಗ್ಗಿ ನನ್ನ ನರೆತ ತಲೆ ನೋಡಿದರು. ಪಾಪ, ಮರುಗಿದರು. ವಯಸ್ಸಾಗಿದೆ, ಆದರೆ ಕೈ ಚುರುಕಾಗಿದೆ, ಇವನಿಗೂ ಏನಾದರೂ ಮಾಡಿ ಎಂದು ತಜ್ಞರಿಗೆ ಶಿಫಾರಸು ಮಾಡಿದರು. ತಜ್ಞರು ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದೆರಡು ವರ್ಷ ಕೆಲಸ ನೋಡೋಣ ಅಂದರು. ನಾನು ಅಡಿಯಲ್ಲೇ ಮಗ್ಗುಲು ಬದಲಿಸಿ, ಇನ್ನಷ್ಟು ಚುರುಕಾಗಿ ಹುಲ್ಲು ತೆಗೆಯತೊಡಗಿದೆ.